ಉಪಗ್ರಹಕ್ಕೆ ಮಾತ್ರ ಕಂಡ ಹೊಂಡ

ಔರಾದ ತಾಲೂಕಿನ ಚಿಂತಾಕಿಯ ಕುರಿಗಾರ ಧೊಂಡಿಬಾನ ಹೊಲದಲ್ಲಿ ಒಂದು ಹೊಂಡವಿತ್ತು. ಅದು ಧೊಂಡಿಬಾನಿಗೆ ಕಂಡಿರಲಿಲ್ಲ, ಹೆಂಡತಿ ಸತ್ಯಮ್ಮನಿಗೆ ಕಂಡಿರಲಿಲ್ಲ, ನೀರಿಗಾಗಿ ದಿನಾ ಎರಡು ಮೈಲಿ ನಡೆಯುವ ಅವರ ನೂರಿಪ್ಪತ್ತು ಕುರಿಗಳಿಗಂತೂ ಕಂಡಿರಲೇ ಇಲ್ಲ. ಕಂಡದ್ದು ಉಪಗ್ರಹಕ್ಕೆ ಮಾತ್ರ.

ಇದು ತಿಳಿದದ್ದು ಕೃಷಿ ಹೊಂಡಕ್ಕೆ ಹಾಕಿದ ಅರ್ಜಿ ತಿರುಗಿ ಬಂದಾಗ. ‘ಈಗಾಗಲೇ ಹೊಂಡ ಇರುವುದರಿಂದ ತಿರಸ್ಕರಿಸಲಾಗಿದೆ.’ ಧೊಂಡಿಬಾ ಕಂಬಳಿ ಹೆಗಲಿಗೇರಿಸಿ ಔರಾದಿನ ಕೃಷಿ ಕಚೇರಿಗೆ ಹೋದ.

“ಸಾಹೇಬ್ರ, ಹೊಂಡ ಎಲ್ಲದ ತೋರಿಸ್ರಿ. ಒಂದ್ಸಲ ಈಜಿ ಬರ್ತೇನಿ.”

ಅಧಿಕಾರಿ ಕೈಲಾಶ ಕಂಪ್ಯೂಟರ್ ತಿರುಗಿಸಿದರು. ಹೊಲದ ನಡುವೆ ದುಂಡಗೆ, ಕರ್ರಗೆ ಒಂದು ಮಚ್ಚೆ. “ಮ್ಯಾಲಿಂದ ಬಂದದ್ದಪ್ಪಾ. ನಾ ಏನ್ ಮಾಡ್ಲಿ?”

“ಮ್ಯಾಲಿಂದ ಅಂದ್ರ ಬೆಂಗಳೂರಿಂದೇನ್ರಿ?”

“ಅದಕಿಂತಾ ಮ್ಯಾಲಿಂದ.”

ಧೊಂಡಿಬಾ ದಂಗಾದ. ಚಂದ್ರನ ಮೇಲೆ ನೌಕೆ ಇಳಿದ ಸಂಜೆ ಔರಾದಿನ ಚಹಾದಂಗಡಿಯಲ್ಲಿ ಟಿವಿ ಮುಂದೆ ರುಮಾಲು ಹಾರಿಸಿದವನು ಅವನು. “ನಮ್ಮ ಇಸ್ರೊ ಸುಳ್ಳ ಹೇಳಂಗಿಲ್ಲಲ್ರೀ!”

“ಇದು ಇಸ್ರೊದ್ದಲ್ಲೋ. ಈಗ ಪ್ರೈವೇಟ್ ಕಂಪನಿಯವ್ರೂ ಉಪಗ್ರಹ ಬಿಡ್ತಾರ. ಫೋಟೋ ಅವರದು, ಹೊಂಡ ಅಂತ ಗುರುತು ಹಾಕಿದವ್ರೂ ಅವರೇ. ನಾವು ಕೊಂಡ್ಕೋತೀವಿ, ಅಷ್ಟೇ. ತಕರಾರಿದ್ರ ಅವರನ್ನ ಕೇಳು.”

ಕಂಪನಿಗೆ ಫೋನ್ ಹಚ್ಚಿದರೆ ಇಂಪಾದ ದನಿಯೊಂದು, ‘ನಮ್ಮ ಗ್ರಾಹಕರು ಸರ್ಕಾರ, ನೀವಲ್ಲ’ ಎಂದಿತು. ಖಾಸಗಿಯವರು ಆಕಾಶಕ್ಕೆ ಏರಲಿ, ಬೇಡವೆಂದವರಾರು? ಆದರೆ ಮೊದಲು ಊರಿನ ಜಮೀನು ಲೆಕ್ಕದ ತಲಾಟಿ ತಪ್ಪು ಬರೆದರೆ ಅವನ ಬೈಕಿಗೆ ಅಡ್ಡ ನಿಲ್ಲಬಹುದಿತ್ತು. ಉಪಗ್ರಹಕ್ಕೆ ಅಡ್ಡ ನಿಲ್ಲುವುದೆಲ್ಲಿ? ಕಣ್ಣನ್ನು ಗುತ್ತಿಗೆ ಕೊಟ್ಟ ಸರ್ಕಾರ ಕಿವಿಯನ್ನೂ ಅದರ ಜೊತೆಗೇ ಕೊಟ್ಟುಬಿಟ್ಟಿತ್ತು.

ಧೊಂಡಿಬಾ ಪ್ರತಿ ಬೇಸಿಗೆ ಭಾಲ್ಕಿ ಕಡೆಯ ಮೆಹಕರದ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಹಟ್ಟಿ ಹಾಕುತ್ತಾನೆ. ಆ ಹೊಲದವರ ಮಗಳು ಕರುಣಾ ಬೀದರಿನ ನೌಬಾದದಲ್ಲಿ ವಿಜ್ಞಾನದ ಟೀಚರು. ಕಚೇರಿಯಿಂದ ಫೋಟೋದ ಪ್ರತಿ ಪಡೆದು ಅವಳ ಮನೆಗೆ ಹೋದ.

“ಕಾಕಾ, ಇದು ಮುಂಜಾನಿ ಹನ್ನೊಂದಕ್ಕ ತೆಗೆದದ್ದಂತ ಮೂಲ್ಯಾಗ ಬರದದ. ಆ ಹೊತ್ತಿಗಿ ನಿಮ್ಮ ಕುರಿ ಎಲ್ಲಿರ್ತಾವ್ರಿ?”

“ನಮ್ಮ ಹೊಲದಾಗೇ. ಬಿಸಿಲೇರಿದ್ರ ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ತೂರಿಸಿ ದುಂಡಗ ನಿಲ್ತಾವ. ಹಿಕ್ಕಿ ಮಂದಿ ಹೊಲಕ್ಕ ಯಾಕ ಬೀಳಬೇಕಂತ ದಿನಾ ಅಲ್ಲೇ ನಿಲ್ಲಸ್ತೇನಿ.”

“ಎಲ್ಲಾ ಕರೀ ಕುರಿನೇ?”

“ಎಲ್ಲಾ ಕರೀವ…” ಎಂದವನ ಬಾಯಿ ತೆರೆದೇ ಉಳಿಯಿತು.

ಕರುಣಾ ಬಿದ್ದು ಬಿದ್ದು ನಕ್ಕಳು. “ನಿಮ್ಮ ಹೊಂಡ ಹುಲ್ಲು ತಿಂತದ್ರಿ ಕಾಕಾ!”

ಅವಳು ಬರೆದುಕೊಟ್ಟ ತಕರಾರನ್ನು ಕೈಲಾಶ ಓದಿದರು. “ನೀ ಕುರಿ ಅಂತಿ, ಕಂಪ್ಯೂಟರ್ ನೀರು ಅಂತದ.”

“ಹೊಲಕ್ಕ ಬಂದು ನೋಡ್ರಲಾ.”

“ಹೋಗಿ ನೋಡೂದು ತಪ್ಪಲಿ ಅಂತೇ ಫೋಟೋ ತಗೊಂಡದ್ದು ಮಾರಾಯಾ.”

ಉಪಗ್ರಹ ಮತ್ತೆ ಯಾವಾಗ ಈ ಕಡೆ ಹಾಯುತ್ತದೆಂದು ಧೊಂಡಿಬಾ ಕರುಣಾಳನ್ನು ಕೇಳಿದ. ಅವಳು ಹುಡುಕಿ ಹೇಳಿದಳು: ಗುರುವಾರ, ಹನ್ನೊಂದಕ್ಕೆ. ಬುಧವಾರವೇ ಅವನು ಕುರಿ ಹೊಡೆದುಕೊಂಡು ಹೊರಟ.

“ಎಲ್ಲಿ ಹೊಂಟ್ರಿ?” ಸತ್ಯಮ್ಮ ಕೇಳಿದಳು.

“ಫೋಟೋ ತೆಗಿಸ್ಕೊಳ್ಳಲಾಕ.”

“ಕುರಿಗಿ ಫೋಟೋ! ಲಗ್ನದಾಗ ನನಗೊಂದು ತೆಗಿಸ್ಲಿಲ್ಲ.”

ಗುರುವಾರ ಹನ್ನೊಂದಕ್ಕೆ ಕಚೇರಿಯ ಅಂಗಳದಲ್ಲಿ ನೂರಿಪ್ಪತ್ತು ಕರೀ ಕುರಿಗಳು ತಲೆ ತೂರಿಸಿ ದುಂಡಗೆ ನಿಂತವು. ಜವಾನ ಕೂಗಾಡಿದ. “ಹತ್ತು ಮಿನಿಟ್ ತಡೀರಿ,” ಎಂದ ಧೊಂಡಿಬಾ, “ಮ್ಯಾಲಿನ ಸಾಹೇಬ್ರು ನೋಡ್ಲಾಕತ್ತಾರ.”

ಹದಿನೈದು ದಿನಕ್ಕೆ ಕೈಲಾಶರಿಗೆ ಮೇಲಿನ ಕಚೇರಿಯಿಂದ ನೋಟಿಸು ಬಂತು. ಕಚೇರಿಯ ಅಂಗಳದಲ್ಲಿ ಮಂಜೂರಾತಿಯಿಲ್ಲದೆ ಹೊಂಡ ತೋಡಿದವರು ಯಾರು? ಮೂರು ದಿನದೊಳಗೆ ಉತ್ತರಿಸಿ. ಅವರು ಧೊಂಡಿಬಾನಿಗೆ ಫೋನ್ ಹಚ್ಚಿದರು.

“ಅವು ಕುರಿ ಅಂತ ಒಂದು ಮಾತು ಬರದು ಕೊಡಪ್ಪಾ.”

“ನಾ ಬರದ್ರ ಹ್ಯಾಂಗ ನಡೀತದ್ರಿ ಸಾಹೇಬ್ರ? ಕಂಪ್ಯೂಟರ್ ನೀರು ಅಂತದ. ನೀವೇ ನಮ್ಮ ಹೊಲಕ್ಕ ಬಂದು ನೋಡಿ ಬರೀರಿ, ಎರಡೂ ಹೊಂಡ ಒಂದೇ ಸಲಕ್ಕ ಬತ್ತತಾವ.”

ಮರುದಿನ ಚಿಂತಾಕಿಗೆ ಜೀಪು ಬಂತು. ಕೈಲಾಶ ಫೋಟೋ ಹಿಡಿದು ಹೊಂಡದ ನಟ್ಟನಡುವೆ ನಿಂತರು. ಸುತ್ತ ಕುರಿ, ಬೂಟಿನ ತುಂಬ ಹಿಕ್ಕೆ.

“ಸಂಭಾಳಿಸಿ ನಿಲ್ರಿ ಸಾಹೇಬ್ರ,” ಬದುವಿನಿಂದ ಸತ್ಯಮ್ಮ ಕೂಗಿದಳು, “ಅಲ್ಲಿ ಆಳ ಭಾಳದ!”

ಅಧಿಕಾರಿ ನಗಲಿಲ್ಲ. ಕಾಗದ ತೆಗೆದು ನಿಂತಲ್ಲೇ ಬರೆದರು: ‘ಖುದ್ದಾಗಿ ನೋಡಿದ್ದೇನೆ. ಹೊಂಡ ಇಲ್ಲ, ಕುರಿ ಇವೆ. ಹೊಂಡ ಮಂಜೂರು ಮಾಡಬಹುದು.’