ಎಡಗಡಿ ಸೀಟು

ಅಕ್ಕಲಕೋಟಿಯೊಳಗ ಒಂದು ಹಳೇ ಸ್ಪೋರ್ಟ್ಸ್ ಕಾರು ಮಾರೂದೈತಿ ಅಂತ ಸುದ್ದಿ ಬಂದಾಗ ನಾನು ಸೊಲ್ಲಾಪುರದ ನಮ್ಮ ಚಾದರ ದುಕಾನದಾಗ ಕೂತಿದ್ದೆ. ನನಗ ಐವತ್ತು ದಾಟ್ಯಾವ. ಈ ವಯಸ್ಸಿನ್ಯಾಗ ಎರಡು ಬಾಗಲಿನ, ಬಟ್ಟಿ ಛತ್ತಿನ ಗಾಡಿ ಯಾರು ತೊಗೊಂತಾರ ಅಂತ ಹೆಂಡ್ತಿ ನಕ್ಕಳು. ನಗಲಿ ಬಿಡ್ರಿ. ಸಣ್ಣವನಿದ್ದಾಗ ಇಂಥಾದೊಂದು ನಮ್ಮ ಪ್ಯಾಟಿಯೊಳಗ ಹಾದು ಹೋಗಿದ್ದು ನೋಡಿದ್ದೆ. ಆವತ್ತಿನಿಂದ ತಲಿಯಾಗ ಕೂತಿತ್ತು, ಇಳೀಲೇ ಇಲ್ಲ.

ಮಾರಾಕತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಹೆಣ್ಣಮಗಳು, ಊರ ಮಂದಿ ಚಿಕ್ಕಮ್ಮ ಅಂದಂಗ ಕಾಕು ಅಂತ ಕರೀತಿದ್ದರು. ಯಜಮಾನರು ತೀರಿಕೊಂಡು ಭಾಳ ವರ್ಷ ಆಗಿತ್ತು. ತಗಡಿನ ಶೆಡ್ಡಿನ್ಯಾಗ ಗಾಡಿಗೆ ಎರಡು ಚಾದರ ಹೊದಿಸಿ, ಟಯರಿಗೆ ಭಾರ ಬೀಳಬಾರದಂತ ಜಾಕಿನ ಮ್ಯಾಲ ಎತ್ತಿಸಿ ಇಟ್ಟಿದ್ದರು. ಚಾದರ ತಗದ ಮ್ಯಾಲ, ಅಬಾಬಾ! ಕೆಂಪು ಬಣ್ಣ ಎಲ್ಲೂ ಮಾಸಿಲ್ಲ, ಕ್ರೋಮ್ ಬಂಪರಿನ್ಯಾಗ ನನ್ನ ಮೀಸಿ ಕಾಣತಿತ್ತು. ಸಂಗಡ ಕರಕೊಂಡು ಹೋಗಿದ್ದ ಮಿಸ್ತ್ರಿ ಬಾನೆಟ್ ಎತ್ತಿ ಒಂದು ತಾಸು ಹುಳುಕು ಹುಡುಕಿದ. ಸಿಗಲಿಲ್ಲ. ಸಿಗದಿದ್ದರ ಅವನಿಗೆ ಸಿಟ್ಟು ಬರತೈತಿ.

"ಪ್ರತಿ ಸೋಮವಾರ ಮುಂಜಾನಿ ಚಾಲೂ ಮಾಡಿ ಹತ್ತು ಮಿನಿಟು ಬಿಡತೀನಿ ತಮ್ಮಾ," ಅಂದರು ಕಾಕು. "ಓಡಸಾಕ ಬರೂದಿಲ್ಲ. ಚಾಲೂ ಮಾಡಾಕ ಬರತೈತಿ."

ಈ ಮಾಡಲ್ಲಿನ ಚರಿತ್ರಾ ಅವರಿಗೆ ಬಾಯಿಪಾಠ. ಯಜಮಾನರು ಹೇಳಿ ಹೇಳಿ ಕಲಿಸಿದ್ದಂತ. ವಿಲಾಯತದಾಗ ಕಟ್ಟಿದ್ದು, ರಾಜರಿಗಲ್ಲ, ಪಗಾರದ ಮಂದಿಗೆ. ಸಾದಾ ಮನೀಗಾಡಿಯ ಎಂಜಿನ್ ತೊಗೊಂಡು ಅದಕ್ಕ ಹಗುರ ಮೈ ಕಟ್ಟಿದರು, ಅದಕ್ಕ ಸಸ್ತಾ ಬಿತ್ತು. ಆಮ್ಯಾಲ ಪರದೇಶದ ಯಾವುದೋ ಕಾಯ್ದೆ ಸಂಬಂಧ ಕ್ರೋಮ್ ತಗದು, ಕರೀ ರಬ್ಬರಿನ ದಪ್ಪ ಬಂಪರು ಹಚ್ಚಿ, ಮಾರಿ ಕೆಡಿಸಿದರು. ಕಡೀಕೆ ಕಾರ್ಖಾನಿನೂ ಬಂದಾತು. "ಇದು ಕೆಡಸೂಕಿಂತ ಮೊದಲಿಂದು," ಅಂತ ಕಾಕು ಬಂಪರು ಸೆರಗಿನಿಂದ ಒರಸಿದರು. ಸೊಲ್ಲಾಪುರದ ಗಿರಣಿ ಸಾಹೇಬನೊಬ್ಬ ತರಿಸಿದ್ದನಂತ, ಅವನ ಕಡಿಂದ ಇವರಿಗೆ ಬಂದಿತ್ತು.

ಒಳಗ ಬಗ್ಗಿ ನೋಡಿದೆ. ಓಡಸವರ ಸೀಟಿನ ಚರ್ಮ ಸವದಿತ್ತು. ಎಡಗಡೀದು ಹೊಚ್ಚ ಹೊಸದು. ನಾನು ವ್ಯಾಪಾರದವ, ಮಾಲು ಚಲೋ ಇದ್ದರ ಬಾಯಿ ಮುಚ್ಚಿಕೊಂಡಿರಬೇಕು. ಆದರ ಖುಷಿಯೊಳಗ, "ಕಾಕು, ಈ ಸೀಟಿನ ಮ್ಯಾಲ ಯಾರೂ ಕೂತಂಗ ಇಲ್ಲ ನೋಡ್ರಿ!" ಅಂದುಬಿಟ್ಟೆ.

"ಇಲ್ಲ, ಕೂತಿಲ್ಲ," ಅಂದರು. ಅತ್ತಿ-ಮಾವ ಕಟ್ಟಿ ಮ್ಯಾಲ ಕೂತಿರತಿದ್ದರಂತ. ಅವರ ಮುಂದ ಸೊಸಿ ಗಂಡನ ಮಗ್ಗಲಿಗೆ ಸರಿಸಮ ಕೂಡೂದು ಆ ಮನ್ಯಾಗ ಇರಲಿಲ್ಲ. ಬ್ಯಾರೆ ಗಾಡ್ಯಾಗಾದರ ಹಿಂದ ಕೂಡಬೌದು, ಇದಕ್ಕ ಹಿಂದ ಜಾಗಾನ ಇಲ್ಲ. "ಊರ ಹೊರಗಿನ ನಾಕಾತನಕ ಟಾಂಗಾದಾಗ ಬಾ, ಊರು ದಾಟಿದ ಮ್ಯಾಲ ಕೂಡಸ್ಕೋತೀನಿ ಅಂತ ನಮ್ಮ ಯಜಮಾನರು ಭಾಳ ಸಲ ಕರದರು. ನಾ ಒಲ್ಲೆ ಅಂದೆ. ಕೂತರ ಮನೀ ಬಾಗಲದಾಗ ಕೂಡಬೇಕು, ಮನೀ ಬಾಗಲದಾಗ ಇಳೀಬೇಕು. ಕಳವು ಮಾಡಿದವರಂಗ ಯಾಕ?"

ಆಮ್ಯಾಲ ಒಂದು ಕರಾರು ಹಾಕಿದರು. ಗಾಡಿ ಒಯ್ಯೂ ದಿವಸ ನನ್ನ ಹೆಂಡ್ತಿ ಆ ಸೀಟಿನ್ಯಾಗ ಕೂತು ನಮ್ಮ ಮನೀ ಬಾಗಲತನಕ ಹೋಗಬೇಕು. ಇಲ್ಲಂದರ ಕೊಡೂದಿಲ್ಲ.

"ಅಷ್ಟ ಏನ್ರಿ? ಈಗ ಕಾಲ ಬದಲಾಗೈತಿ ಕಾಕು," ಅಂದೆ. ನಮ್ಮ ದೊಡ್ಡ ಗಾಡ್ಯಾಗ ಇಪ್ಪತ್ತೈದು ವರ್ಷದಿಂದ ಅವ್ವ ಮುಂದ, ಹೆಂಡ್ತಿ ಹಿಂದ. ಅದು ಆ ಹೊತ್ತಿನ್ಯಾಗ ನೆನಪಿಗೆ ಬರಲಿಲ್ಲ.

ಮುಂದಿನ ಗುರುವಾರ ಹೆಂಡ್ತೀನ್ನ ಕರಕೊಂಡು ಹೋದೆ. ಕಾಕು ಆಕಿಗೆ ಕುಂಕುಮ ಹಚ್ಚಿ, ಉಡಿ ತುಂಬಿ, ತಾವ ಬಾಗಲಾ ತಗದು ಕೂಡಿಸಿದರು. ಕೀಲಿ ನನಗಲ್ಲ, ಆಕಿ ಕೈಯಾಗ ಕೊಟ್ಟರು.

ದಾರ್ಯಾಗ ಛತ್ತು ಮಡಚಿದ್ವಿ. ಸೆರಗು ಹಾರಾಕ ಹತ್ತಿ, ಆಕಿ ಅದನ್ನ ಕುಂಡಿ ಕೆಳಗ ಒತ್ತಿಕೊಂಡು ಕೂತಳು. ಒಂದು ಕಡೆ ಕುರಿ ಹಿಂಡು ಅಡ್ಡ ಬಂತು. ಕುರುಬಜ್ಜ ಗಾಡೀನ್ನ ನೋಡಿ, "ಇದರ ಛತ್ತು ಎಲ್ಲಿ ಬಿತ್ತು?" ಅಂತ ಕೇಳಿದ. ಆಕಿ ಎಷ್ಟು ನಕ್ಕಳಂದ್ರ ಕಣ್ಣಾಗ ನೀರು ಬಂತು. ಲಗ್ನ ಆದಾಗಿನಿಂದ ಆಕಿ ಹಂಗ ನಕ್ಕಿದ್ದು ನಾ ನೋಡಿರಲಿಲ್ಲ.

ಸೊಲ್ಲಾಪುರದ ನಾಕಾ ಬಂತು. ಮನೀ ಮುಂದ ಅವ್ವ ಆರತಿ ಹಿಡಕೊಂಡು ನಿಂತಿರತಾಳ, ಗಲ್ಲಿ ಮಂದಿ ಕೂಡಿರತೈತಿ ಅಂತ ಗೊತ್ತಿತ್ತು. ಕಾಲು ತಾನ ಬ್ರೇಕಿನ ಮ್ಯಾಲ ಹೋತು.

"ಇಲ್ಲಿಂದ ನೀ ರಿಕ್ಷಾ ಹಿಡೀತಿಯೇನು?" ಅಂದೆ. "ಅವ್ವ ನಿಂತಿರತಾಳ."

ಆಕಿ ನನ್ನ ಮಾರಿ ನೋಡಿದಳು. ಸೆರಗು ಸರಿ ಮಾಡಿಕೊಂಡು, ಉಡೀ ಅಕ್ಕಿ ಚೆಲ್ಲದಂಗ ಹಿಡಕೊಂಡು ಇಳದಳು. ಖರೇ ಹೇಳತೀನಿ, ನನಗ ಹಗುರಾತು.

ಮನೀ ಮುಂದ ಅವ್ವ ಗಾಲಿ ಕೆಳಗ ನಿಂಬಿಹಣ್ಣು ಇಟ್ಟು, ಟೆಂಗಿನಕಾಯಿ ಒಡದಳು. ಆರತಿ ಎತ್ತಿದಾಕಿ ಹಂಗ ನಿಂತಳು.

"ಸೊಸಿ ಎಲ್ಲೊ? ಇಬ್ಬರಿಗೂ ಕೂಡಿಸಿ ಬೆಳಗಬೇಕಂತ ನಿಂತೀನಿ."

"ಹಿಂದ ಬರಾಕತ್ತಾಳ," ಅಂದೆ. ನಾಚಿಕಿ ಬಂತು. ಮೂರು ಮೈಲಿನ ಹಿಂದ, ನಾಕಾದಾಗನ ಬರಬೇಕಿತ್ತು ಅದು.

ಮರುದಿವಸ ಮುಂಜಾನಿ ನಾಷ್ಟಾ ಮಾಡೂ ಹೊತ್ತಿಗೆ ಕಾಕು ಫೋನು ಮಾಡಿದರು. ಗಾಡಿ ಸುದ್ದಿ ಕೇಳಲಿಲ್ಲ. "ಬಾಗಲತನಕ ಕೂತಳೇನು ತಮ್ಮಾ?" ಅಂದರು. ಫೋನು ಹೆಂಡ್ತಿ ಕೈಯಾಗ ಕೊಟ್ಟೆ.

"ಹೂಂ ರೀ ಕಾಕು," ಅಂದಳು ಆಕಿ. "ಬಾಗಲದಾಗನ ಇಳದೆ. ಅತ್ತಿಯವರು ಇಬ್ಬರಿಗೂ ಆರತಿ ಮಾಡಿದರು."

ಆ ಕಡೆ ಕಾಕು ನಕ್ಕಿದ್ದು ನನಗೂ ಕೇಳಿಸ್ತು.

ನಾನು ಮೊಳೀಗೆ ಹಾಕಿದ್ದ ಕೀಲಿ ತೊಗೊಂಡೆ. "ಏಳು, ಈಗ ನಡಿ. ಗಲ್ಲಿ ತುಂಬ ತಿರಗಿ ಬರೂಣು."

ಆಕಿ ಹಂಚಿನ ಮ್ಯಾಲಿನ ಭಕ್ಕರಿ ತಿರುವಿ ಹಾಕಿದಳು.

"ಈಗ ಬ್ಯಾಡ್ರಿ," ಅಂದಳು. "ಕೂತೆ ಅಂತ ಕಾಕುಗೆ ಹೇಳಿ ಆತಲ್ಲ."