ಕಾಲರ್ ಹೊಲಿದವಳು

ಕಾಟನ್ ಹೊಲಿದ ದಿನ ಅವಳ ಹುಬ್ಬು ಬೆಳ್ಳಗಾಗಿರುತ್ತಿತ್ತು. ಸಂಜೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ವ್ಯಾನು ಹೊಂಗನೂರಿನ ಅರಳಿಕಟ್ಟೆಯ ಹತ್ತಿರ ಹೆಂಗಸರನ್ನು ಇಳಿಸಿ ಹೋದ ಮೇಲೆ ಅವಳು ಬೀದಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದಳು. ಹತ್ತಿರ ಬಂದರೆ ಹುಬ್ಬು, ರೆಪ್ಪೆ, ಕಿವಿ ಪಕ್ಕದ ಕೂದಲು ಎಲ್ಲದಕ್ಕೂ ಸಣ್ಣ ಅರಳೆ ಧೂಳು ಮೆತ್ತಿರುತ್ತಿತ್ತು. ಅಷ್ಟು ಚಿಕ್ಕ ವಯಸ್ಸಿನವಳು ನನಗಿಂತ ಮುದುಕಿಯಂತೆ ಕಾಣುತ್ತಿದ್ದಳು.

"ಏನವ್ವ, ಇವತ್ತು ಕಾಟನ್ನಾ?"

"ಊಂ ಕಣತ್ತೆ. ನಾನೇ ಮುದುಕಿ ಆಗೋದೆ, ಇವತ್ತು ನೀವು ಸೊಸೆ. ಒಸಿ ಕಾಫಿ ಕಾಸಿ."

ಪಾಲಿಯೆಸ್ಟರ್ ಮಿಕ್ಸ್ ಬಟ್ಟೆ ಹೊಲಿದ ದಿನ ಧೂಳು ಇರುತ್ತಿರಲಿಲ್ಲ. ಆದರೆ ಮಾಗಿಯ ಒಣ ಚಳಿಯಲ್ಲಿ ಅವಳ ಸೀರೆ ಚಟಚಟ ಅನ್ನುತ್ತಿತ್ತು, ಕೂದಲು ಎದ್ದು ನಿಂತಿರುತ್ತಿತ್ತು, ಕೈ ಮುಟ್ಟಿದರೆ ಚುರ್ ಅನ್ನುತ್ತಿತ್ತು. ಅದು ಫ್ಯಾಕ್ಟರಿಯ ಬಟ್ಟೆಯಿಂದಲೋ, ಅವಳು ಉಟ್ಟ ಪಾಲಿಯೆಸ್ಟರ್ ಸೀರೆಯಿಂದಲೋ, ವ್ಯಾನಿನ ರೆಕ್ಸಿನ್ ಸೀಟಿನಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಥ ದಿನ ಬಂದವಳೇ ಜಗಲಿಯ ಕಿಟಕಿಯ ಕಬ್ಬಿಣದ ಕಂಬಿಯನ್ನು ಒಂದು ಗಳಿಗೆ ಹಿಡಿದು ನಿಲ್ಲುತ್ತಿದ್ದಳು. ತೊಟ್ಟಿಲಿನ ಕೂಸನ್ನು ಎತ್ತಿಕೊಳ್ಳುತ್ತಿದ್ದದ್ದು ಆಮೇಲೆಯೇ. "ಮಗೀಗೆ ಚುರ್ ಅಂದಾತು ಕಣತ್ತೆ. ಮೊದ್ಲು ಕಂಬಿಗೆ ಕೊಟ್ಬುಡ್ತೀನಿ" ಅನ್ನುತ್ತಿದ್ದಳು.

ಆ ತೊಟ್ಟಿಲಿನ ಕೂಸು ನೀನು, ಮಗಳೇ. ಅರಳಿಕಟ್ಟೆಯವರೆಗೆ ಅವಳಿಗೆ ಎದುರಾಗಿ ಓಡುತ್ತಿದ್ದ ಹುಡುಗ ನಿನ್ನ ಅಣ್ಣ. ಅವಳು ನಿಮ್ಮ ಅವ್ವ, ನನ್ನ ಸೊಸೆ. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ನಿಮ್ಮಿಬ್ಬರ ಮುಂದೆ ಕೂಡ ಅವಳ ಮಾತೆತ್ತಲು ಹೋಗಿ, ಎದ್ದು ಒಲೆಯ ಕಡೆ ನಡೆದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ, ನಿಮಗೆ ಬಿಡುವಾದಾಗ ಓದಿ.

ಅವಳು ಕುದೂರಿನ ಕಡೆಯ ಹುಡುಗಿ. ನಮ್ಮದು ಆಗಲೂ ಈಗಲೂ ರೇಷ್ಮೆಹುಳು ಸಾಕುವ ಮನೆ. ಹುಳುವಿಗೆ ವಾಸನೆ ಆಗದು. ಪೌಡರು, ಸೆಂಟು, ನುಸಿಗುಳಿಗೆ ಯಾವುದೂ ಹೊಸಿಲ ಒಳಗೆ ಬರಕೂಡದು. ಅವಳು ತವರಿನಿಂದ ತಂದ ಟ್ರಂಕಿನಲ್ಲಿ ನುಸಿಗುಳಿಗೆ ಇದ್ದದ್ದು ತಿಳಿದು ನಿಮ್ಮ ತಾತ ಟ್ರಂಕನ್ನೇ ಹಿತ್ತಲಿಗೆ ಹೊರಿಸಿ ಗಾಳಿಗೆ ಇಡಿಸಿದರು. "ಈ ಮನೇಲಿ ಮದುವಣಗಿತ್ತಿಗಿಂತ ಹುಳ ಮ್ಯಾಲು" ಅಂತ ಅವಳು ಮುಖ ಊದಿಸಿಕೊಂಡಿದ್ದಳು. ಮುಂದಿನ ವರ್ಷವೇ ಅವಳ ಧಾರೆಯ ನೂಲಿನ ಸೀರೆಗೆ ಜಿರಳೆ ಕಡಿದು ತೂತು ಬಿತ್ತು. ಆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ ಅವಳು ಹಾಗೇ ಮಡಚಿಟ್ಟಳು. ಆದರೆ ಮರೆಯಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಫ್ಯಾಕ್ಟರಿಯಲ್ಲಿ ಅವಳದು ಕಾಲರ್ ಕೆಲಸ. ಅಲ್ಲಿ ಒಂದು ಅಂಗಿಯನ್ನು ಒಬ್ಬರು ಹೊಲಿಯುವುದಿಲ್ಲವಂತೆ. ಲೈನು ಅಂತ ಸಾಲಾಗಿ ಮಷೀನು, ಒಬ್ಬಳಿಗೆ ತೋಳು, ಒಬ್ಬಳಿಗೆ ಕಫ್ಫು, ಒಬ್ಬಳಿಗೆ ಜೇಬು. ಇವಳಿಗೆ ಬರೀ ಕಾಲರು. ಅದಕ್ಕೇ ಏನೋ, ಬಸ್ಸಿನಲ್ಲಿ ಕೂತರೆ ಇವಳ ಕಣ್ಣು ಮುಂದಿನ ಸೀಟಿನ ಗಂಡಸರ ಕತ್ತಿನ ಮೇಲೆಯೇ.

"ಆ ಬಿಳಿ ಅಂಗಿ ನೋಡಿ ಅತ್ತೆ, ಒಂದು ಮೂಲೆ ಉದ್ದ, ಒಂದು ಮೂಲೆ ಗಿಡ್ಡ."

"ಕಂಡೋರ ಕತ್ತು ನೋಡ್ಬ್ಯಾಡ ಕಣವ್ವ, ಜನ ಏನಂದ್ಕೊಂಡಾರು!"

"ಕತ್ತು ಯಾರಿಗೆ ಬೇಕು ಬುಡಿ, ನಾನು ನೋಡಿದ್ದು ಕಾಲರು."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ನಿಮ್ಮ ತಾತ ತೀರಿಹೋದ ವರ್ಷ ನಾನು ಬೀದಿಗೆ ಇಳಿಯುವುದನ್ನೇ ಬಿಟ್ಟಿದ್ದೆ. ನೀರಿಗೆ ಹೋಗುವುದೂ ನಸುಕಿನಲ್ಲೇ, ಯಾರೂ ಎದುರಾಗದಂತೆ. ಅದೇ ಹೊತ್ತಿಗೆ ನಿಮ್ಮಪ್ಪನಿಗೆ ರಾಮನಗರದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸವಾಯಿತು. ದಿನವೂ ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟಿನ ಒಳಗೆ ಸಿಕ್ಕಿಸಿಕೊಂಡು ಗಿರಾಕಿಯ ಮುಂದೆ ನಿಲ್ಲಬೇಕು. ಅವನ ಹತ್ತಿರ ಅಂಥದ್ದು ಒಂದೂ ಇರಲಿಲ್ಲ. ಸೊಸೆ ಭಾನುವಾರ ಬೆಳಿಗ್ಗೆ ನನ್ನ ಮುಂದೆ ಬಂದು ನಿಂತಳು.

"ಚನ್ನಪಟ್ಟಣಕ್ಕೆ ಅಂಗಿ ತರೋಕೆ ಹೋಯ್ತಾ ಇವ್ನಿ. ಏಳಿ ಅತ್ತೆ."

"ನಾನ್ಯಾಕವ್ವ, ಈ ಮುಖ ಇಟ್ಕೊಂಡು."

"ಮುಖ ಯಾರು ಕೇಳಿದ್ರು? ನಂಗೆ ನಿಮ್ ಕೈ ಬೇಕು."

ಅಂಗಡಿಯಲ್ಲಿ ನಾನು ಮೂಲೆಯ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತೆ. ಅಂಗಡಿಯವನು ಪೆಟ್ಟಿಗೆ ಬಿಚ್ಚಿ ಹರಡಿದ. "ಇದು ಪ್ಯೂರ್ ಕಾಟನ್ ಅಕ್ಕ, ಕಣ್ಮುಚ್ಕೊಂಡು ತಗೊಂಡೋಗಿ."

"ಕಣ್ಮುಚ್ಕೊಂಡೇ ನೋಡ್ತೀವಿ ತಡೀರಿ" ಎಂದು ಅವಳು ಅಂಗಿಯ ಅಂಚನ್ನು ತಂದು ನನ್ನ ಮುಷ್ಟಿಯೊಳಗೆ ತುರುಕಿದಳು. "ಗಟ್ಟಿಯಾಗಿ ಹಿಂಡಿ ಅತ್ತೆ. ಇನ್ನೂ ಒಸಿ. ಈಗ ಬುಡಿ."

ಬಿಟ್ಟೆ. ಬಟ್ಟೆ ಮೆಲ್ಲಗೆ ಬಿಚ್ಚಿಕೊಂಡು ಮೊದಲಿನಂತೆಯೇ ಆಯಿತು. ಗೆರೆಯೇ ಇಲ್ಲ.

"ಕಾಟನ್ ಆಗಿದ್ರೆ ಮುನಿಸ್ಕೊಂಡು ಮುದುರ್ಕೊಂಡೇ ಇರೋದು. ಇದು ಬೈದ್ರೂ ನಗ್ತದೆ. ಮಿಕ್ಸು." ಆಮೇಲೆ ಇನ್ನೊಂದು ಅಂಗಿಯನ್ನು ನನ್ನ ಕೈಗೆ ಕೊಟ್ಟು, ಅದರ ಒಳಹೊಲಿಗೆಯ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟಳು. ನೀರು ಕೂಡಲೇ ಇಂಗಿತು. "ನೋಡಿ, ಇದು ಕುಡೀತು. ಬೆವರನ್ನೂ ಇಂಗೇ ಕುಡೀತದೆ. ಮಿಕ್ಸಿನ ಮ್ಯಾಲೆ ಬುಟ್ರೆ ಕುಂತ್ಕೊಂಡು ಯೋಚ್ನೆ ಮಾಡ್ತದೆ."

"ಅಕ್ಕ, ನಿಮ್ಮಂಥೋರು ದಿನಕ್ಕೊಬ್ರು ಬಂದ್ರೆ ನಾನು ಷಟರ್ ಎಳ್ಕೊಂಡು ಹೊಲಕ್ಕೆ ಹೋಗ್ಬೇಕಾಯ್ತದೆ" ಎಂದ ಅಂಗಡಿಯವನು.

"ಹೋಗಿ, ಹತ್ತಿ ಬೆಳೀರಿ. ಆಗ್ಲಾದ್ರೂ ಪ್ಯೂರ್ ಅಂದ್ರೇನು ಗೊತ್ತಾಯ್ತದೆ."

ನಕ್ಕುಬಿಟ್ಟೆ. ನಿಮ್ಮ ತಾತ ಹೋದ ಮೇಲೆ ನಾನು ಸದ್ದು ಮಾಡಿ ನಕ್ಕದ್ದು ಅದೇ ಮೊದಲು. ನಕ್ಕೆನೆಂದು ಹೆದರಿ ಸುತ್ತ ನೋಡಿದೆ. ಅಂಗಡಿಯವನೂ ನಗುತ್ತಿದ್ದ.

ಮಿಕ್ಸ್ ಎಂದರೆ ಮೋಸ ಎಂದು ಅವಳು ಯಾವತ್ತೂ ಹೇಳಿದವಳಲ್ಲ. ಕಾಟನ್ ಎಂದು ಹೇಳಿ ಮಿಕ್ಸ್ ಮಾರುವುದಷ್ಟೇ ಮೋಸ. "ಬಸ್ಸಲ್ಲಿ ಹೋಗೋನಿಗೆ ಮಿಕ್ಸು, ಬಿಸಿಲಲ್ಲಿ ನಿಲ್ಲೋನಿಗೆ ಕಾಟನ್ನು. ಇವ್ರು ಎರಡನ್ನೂ ಮಾಡ್ತಾರಲ್ಲ, ಏನ್ಮಾಡಾನ ಹೇಳಿ?" ಎಂದು ನನ್ನನ್ನೇ ಕೇಳಿದಳು. ನನ್ನನ್ನು ಅದುವರೆಗೆ ಯಾರೂ ಹಾಗೆ ಕೇಳಿದ್ದಿಲ್ಲ. ಒಳಗಿನ ಚೀಟಿ ಓದಿ, ಕಾಟನ್ ಹೆಚ್ಚು, ಪಾಲಿಯೆಸ್ಟರ್ ಕಡಿಮೆ ಇರುವ ಅಂಗಿಗಳನ್ನು ದಿನದ ಓಡಾಟಕ್ಕೆ ತೆಗೆದಿಟ್ಟಳು. ಅವು ಅಗ್ಗ, ಒಗೆದು ಕೊಡವಿ ಹಾಕಿದರೆ ಇಸ್ತ್ರಿಯ ಹಂಗೂ ಅಷ್ಟಿಲ್ಲ. ಬೇಸಿಗೆಗೆಂದು ಪೂರಾ ಕಾಟನ್ನಿನದು ಒಂದು. ಅದನ್ನು ಮಾತ್ರ ನನ್ನಿಂದಲೇ ಆರಿಸಿದಳು. ಹಿಂಡಿದೆ, ಹನಿ ಬಿಟ್ಟೆ, ಕಾಲರ್ ಎತ್ತಿ ಒಳಗಿನ ಹೊಲಿಗೆ ನೋಡಿದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಆ ಪೊಟ್ಟಣ ನನ್ನ ತೊಡೆಯ ಮೇಲಿತ್ತು. ನನ್ನ ಕೈಗೆ ಮತ್ತೆ ಕೆಲಸ ಬಂದಿತ್ತು.

ನೀನು ಹುಟ್ಟಿದ ವರ್ಷವೇ, ಮಗಳೇ, ಅವಳಿಗೆ ಗರ್ಭಕೋಶದಲ್ಲಿ ಗಡ್ಡೆ ಎಂದು ತಿಳಿಯಿತು. ಬೆಂಗಳೂರಿನ ಆಸ್ಪತ್ರೆಗೆ ಓಡಾಡಿದೆವು. ಆ ದಿನಗಳನ್ನು ಬರೆಯಲಾರೆ. ಕೂದಲು ಉದುರಿತು, ಹುಬ್ಬೂ ಉದುರಿತು. ಹುಬ್ಬಿಲ್ಲದ ಆ ಮುಖ ನೋಡಿದಾಗಲೆಲ್ಲ ನನಗೆ ಅರಳೆ ಧೂಳು ಮೆತ್ತಿದ ಮುಖ ನೆನಪಾಗಿ ಹಿತ್ತಲಿಗೆ ಎದ್ದು ಹೋಗುತ್ತಿದ್ದೆ. ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ ವಾರ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು, "ಅತ್ತೆ, ಚನ್ನಪಟ್ಟಣಕ್ಕೆ ಹೋಗಾನ" ಎಂದಳು. ಅದೇ ಅಂಗಡಿ. ತಿಳಿನೀಲಿ ಮಿಕ್ಸ್ ಬಟ್ಟೆ ಕೇಳಿದಳು, ಪಾಲಿಯೆಸ್ಟರ್ ಜಾಸ್ತಿ ಇರುವಂಥದ್ದು.

ಅಂಗಡಿಯವನು ಅವಳ ತಲೆಗೆ ಕಟ್ಟಿದ ಬಟ್ಟೆ ನೋಡಿ ಸ್ಟೂಲು ಎಳೆದುಕೊಟ್ಟ. ಸುಮ್ಮನಿರಲಾರದೆ, "ಏನಕ್ಕ, ನೀವೇ ಮಿಕ್ಸ್ ಕೇಳ್ತಾ ಇದ್ದೀರಲ್ಲ?" ಎಂದ.

"ಇದು ಹಾಕ್ಕೊಳ್ಳೋಕಲ್ಲ ಕಣಣ್ಣ, ಕಾಯೋಕೆ. ನನ್ ಮಗ ದೊಡ್ಡೋನಾಗಿ ಆಫೀಸಿಗೆ ಹೋಗೋಗಂಟ ಟ್ರಂಕಲ್ಲಿ ಇರ್ಬೇಕು. ನಮ್ದು ಹುಳದ ಮನೆ, ನುಸಿಗುಳಿಗೆ ಹಾಕಂಗಿಲ್ಲ. ಕಾಟನ್ ಮೈಗೆ ಒಳ್ಳೇದು. ಕಾಯೋಕೆ ಮಿಕ್ಸೇ ಒಳ್ಳೇದು."

ಅವನು ಬಟ್ಟೆ ಹರಿಯುವಾಗ ಅಳತೆಕೋಲಿನಿಂದ ಕಣ್ಣು ಎತ್ತಲಿಲ್ಲ.

ಆದರೆ ಅವಳಿಗೆ ಪೂರಾ ಅಂಗಿ ಹೊಲಿಯಲು ಬರುತ್ತಿರಲಿಲ್ಲ. ಅಷ್ಟು ವರ್ಷ ಲೆಕ್ಕವಿಲ್ಲದಷ್ಟು ಕಾಲರ್ ಹೊಲಿದವಳು ಒಂದೇ ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿದ್ದಿಲ್ಲ. ಮುಂದಿನ ಭಾನುವಾರ ಅವಳ ಜೊತೆಯ ಫ್ಯಾಕ್ಟರಿ ಹೆಂಗಸರು ಬಾಳೆಹಣ್ಣು ಹಿಡಿದು ನೋಡಲು ಬಂದಿದ್ದರು. ಅವರ ಮುಂದೆ ಬಟ್ಟೆ ಇಟ್ಟಳು. ನಮ್ಮ ಪಡಸಾಲೆಯಲ್ಲಿದ್ದದ್ದು ಒಂದೇ ಕಾಲ್ತುಳಿ ಮಷೀನು. ಅದರ ಮುಂದೆ ಅವರೆಲ್ಲ ಸರತಿಯಲ್ಲಿ ಕೂತರು.

"ಟಾರ್ಗೆಟ್ ಎಷ್ಟಮ್ಮ?" ಎಂದಳು ಕಫ್ ಹೊಲಿಯುವವಳು.

"ಒಂದೇ ಪೀಸು."

"ಒಂದ್ ಪೀಸಿಗೆ ಒಂದ್ ಲೈನಾ! ನಮ್ ಸೂಪರ್‌ವೈಜರ್ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾನೆ."

ಎಲ್ಲರೂ ನಕ್ಕರು. ನಗುತ್ತಲೇ ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ಕಟಿಂಗ್ ಕೆಲಸದವಳು ಕತ್ತರಿ ಹಿಡಿದು, "ಅಳತೆ ಯಾರ್ದು?" ಎಂದಳು. ಹೊರಗೆ ನಿನ್ನ ಅಣ್ಣ ಟೈರು ಉರುಳಿಸಿಕೊಂಡು ಓಡುತ್ತಿದ್ದ. ಅವಳು ಅವನನ್ನೇ ತುಂಬಾ ಹೊತ್ತು ನೋಡಿದಳು. "ಅವರಪ್ಪನ ಅಳತೆಗೇ ಕತ್ತರ್ಸು. ಅಪ್ಪನಂಗೇ ಸಣಕ್ಲ ಆಯ್ತಾನೆ."

"ಮಗೀಗೂ ಒಂದು ಏನಾರ ಹೊಲ್ದುಬುಡಾನ?" ಎಂದು ಯಾರೋ ಕೇಳಿದರು. ನೀನು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದೆ.

"ಅದಿನ್ನೂ ಕೂಸು ಕಣೇ. ಅವಳ್ಗೆ ಆಮ್ಯಾಕೆ ನಾನೇ..." ಎಂದಳು. ಮಷೀನಿನ ಸದ್ದು ನಿಂತಿತು. ಕೊನೆಗೆ ಕಾಲರ್ ಅವಳ ಕೈಗೆ ಬಂತು. ಮಷೀನ್ ತುಳಿಯಲು ಕಾಲಿಗೆ ಶಕ್ತಿ ಇರಲಿಲ್ಲ. ನಾನು ಕೆಳಗೆ ಕೂತು ಕೈಯಿಂದ ಪೆಡಲ್ ಒತ್ತಿದೆ, ಅವಳು ಮೇಲೆ ಬಟ್ಟೆ ನಡೆಸಿದಳು. ಎರಡು ಮೂಲೆಯೂ ಒಂದೇ ಸಮ ಬಂತು.

ಯುಗಾದಿಯ ಹೊತ್ತಿಗೆ ಅವಳು ಇರಲಿಲ್ಲ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಅವಳನ್ನು ಮಣ್ಣು ಮಾಡಿದೆವು. ತೂತು ಬಿದ್ದ ಆ ಧಾರೆಯ ಸೀರೆಯನ್ನೇ ನಾನು ಹೊದಿಸಿದೆ.

ಅಂಗಿ ಟ್ರಂಕಿನಲ್ಲಿ ಕಾಯಿತು. ಅವಳು ಹೇಳಿದಂತೆಯೇ ಬಣ್ಣ ಮಾಸಲಿಲ್ಲ, ತೂತು ಬೀಳಲಿಲ್ಲ. ತಪ್ಪಿದ್ದು ಅಳತೆ. ನಿನ್ನ ಅಣ್ಣ ಅಪ್ಪನಂತೆ ಆಗಲಿಲ್ಲ; ಕುದೂರಿನ ಸೋದರಮಾವನಂತೆ ಅಗಲ ಭುಜದವನಾದ. ಕನಕಪುರದ ಫೈನಾನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕ ದಿನ ಅಂಗಿ ತೆಗೆದುಕೊಟ್ಟೆ. ಒಂದು ತೋಳು ಹೋಯಿತು, ಇನ್ನೊಂದು ಹೋಗಲಿಲ್ಲ. ಮಗನೇ, ನೀನು ಆವತ್ತು ಅದನ್ನು ಮತ್ತೆ ಮಡಿಕೆ ಕೆಡದಂತೆ ಮಡಚಿ ಟ್ರಂಕಿನಲ್ಲಿಟ್ಟು, ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬಂದು ನಿನ್ನ ತಲೆ ಸವರಬೇಕು ಅನ್ನಿಸಿದರೂ ಒಳಗೆ ಹೋಗಿ ನಿನಗೆ ಕಾಫಿಗೆ ಇಟ್ಟೆ.

ಈ ವರ್ಷ ನಿನ್ನ ತಂಗಿಗೆ ರಾಮನಗರದ ಬ್ಯಾಂಕೊಂದರಲ್ಲಿ ಕೌಂಟರಿನ ಕೆಲಸ ಸಿಕ್ಕಿತು. ಅಂಗಿ, ಪ್ಯಾಂಟು ಹಾಕಬೇಕಂತೆ. ನನ್ನನ್ನೂ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದಳು. ನಾನು ಅಂಗಡಿಯಲ್ಲಿ ಒಂದೊಂದೇ ಅಂಗಿಯ ಅಂಚನ್ನು ಹಿಂಡಿ ಬಿಡುತ್ತಿದ್ದೆ.

"ಅಜ್ಜಿ, ಎಲ್ಲಾ ನೋಡ್ತಾವ್ರೆ."

"ನೋಡ್ಲಿ ಬುಡು."

"ಯಾರು ಹೇಳ್ಕೊಟ್ಟಿದ್ದು ನಿಂಗೆ ಇದೆಲ್ಲಾ?"

"ನಿಮ್ಮವ್ವ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ, "ಅಣ್ಣಂಗೆ ಅಂಗಿ ಹೊಲ್ದಿದ್ಲು. ನಂಗೇನ್ ಹೊಲ್ದಿದ್ಲಜ್ಜಿ?" ಎಂದು ಕೇಳಿದಳು. ಮನೆಗೆ ಬಂದವಳೇ ಟ್ರಂಕು ತೆಗೆದು ಆ ತಿಳಿನೀಲಿ ಅಂಗಿ ಹಾಕಿಕೊಂಡು ಬಂದು ನನ್ನ ಮುಂದೆ ನಿಂತಳು. ಸೊಂಟದ ಹತ್ತಿರ ಒಸಿ ಸಡಿಲ, ಗುಂಡಿ ಗಂಡಸರ ಕಡೆಗೆ. ಭುಜ ಮಾತ್ರ ಕೂಡಿಸಿಟ್ಟಂತೆ ಕೂತಿತ್ತು. ಅಪ್ಪನ ಸಣಕಲು ಮೈ ಬಂದದ್ದು ನಿನಗೆ, ಮಗಳೇ.

ಅದನ್ನು ನಿನಗೆಂದೇ ಹೊಲಿದಿದ್ದಳು ಎಂದು ಸುಳ್ಳು ಬರೆಯಲಾರೆ. ನಿನಗೆ ಆಮೇಲೆ ಹೊಲಿಯಬೇಕೆಂದಿದ್ದಳು. ಆಮೇಲೆ ಎಂಬುದು ಅವಳಿಗೆ ಬರಲಿಲ್ಲ. ಆದರೆ ದಿನವಿಡೀ ದುಡಿದು ಬಂದು, ಎದೆಹಾಲು ಸೋರುತ್ತಿದ್ದರೂ, ನಿನಗೆ ನೋವಾಗಬಾರದೆಂದು ಅವಳು ಕಂಬಿ ಹಿಡಿದು ನಿಲ್ಲುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ನಿನ್ನದು. ಅದರಲ್ಲಿ ಬೇರೆ ಯಾರಿಗೂ ಪಾಲಿಲ್ಲ.

ಹೋದ ವಾರ, ಮಾಗಿಯ ಒಣ ಗಾಳಿ ಬೀಸುವಾಗ, ನೀನು ಆ ಅಂಗಿ ಹಾಕಿಕೊಂಡೇ ಕೆಲಸದಿಂದ ಬಂದೆ. ನಾನು ಜಗಲಿಯಲ್ಲಿ ಕಿಟಕಿಗೆ ಒರಗಿ ಕೂತಿದ್ದೆ. ಬಂದವಳೇ ನನ್ನ ಕೈ ಹಿಡಿದೆ. ಚುರ್ ಎಂದಿತು.

"ಅಯ್ಯೋ, ಶಾಕ್ ಹೊಡೀತಾ ಅಜ್ಜಿ?" ಎಂದು ನೀನು ಕೈ ಹಿಂದಕ್ಕೆ ತೆಗೆದೆ.

ಕಂಬಿ ಪಕ್ಕದಲ್ಲೇ ಇತ್ತು. ಹಿಡಿದುಕೋ ಎಂದು ನಾನು ಹೇಳಲಿಲ್ಲ. ಕೈ ಚಾಚಿ, "ಇನ್ನೊಂದ್ಸಲ ಮುಟ್ಟವ್ವ" ಎಂದೆ.