ರೊಟ್ಟಿಗೆ ನೀರು ಸವರುವ ಅರಿವೆ

ನಮ್ಮ ಮನೆಯ ಒಲೆಯ ಬದಿಗೆ ಒಂದು ಸ್ಟೀಲಿನ ಬಟ್ಟಲು, ಬಟ್ಟಲಲ್ಲಿ ಅರ್ಧ ನೀರು, ನೀರಿನಲ್ಲಿ ಅಂಗೈಯಗಲದ ಒಂದು ಅರಿವೆ. ಒಂದು ಕಾಲಕ್ಕೆ ಅದು ನಮ್ಮ ಅತ್ತೆಯ ನಿತ್ಯದ ಸೀರೆಯಾಗಿತ್ತು. ಉಟ್ಟು, ಒಗೆದು, ಮತ್ತೆ ಉಟ್ಟು ಮೆತ್ತಗಾದ ಮೇಲೆ ಮೊದಲು ಕೂಸಿನ ತೊಟ್ಟಿಲಿಗೆ, ಆಮೇಲೆ ಕೌದಿಗೆ, ಕೊನೆಗೆ ಈ ಬಟ್ಟಲಿಗೆ ಬಂತು. ಜೋಳದ ರೊಟ್ಟಿಯನ್ನು ಬಡಿದು ಹಂಚಿಗೆ ಹಾಕಿದೊಡನೆ ಅದರ ಮೇಲೆ ಈ ಹಸಿ ಅರಿವೆಯನ್ನು ಒಮ್ಮೆ ಆಡಿಸಬೇಕು. ಮೇಲಿನ ಬಿಳಿ ಹಿಟ್ಟೆಲ್ಲ ನೀರು ಕುಡಿದು ಮಾಯವಾಗುತ್ತದೆ. ನೀರು ಆರುವ ಹೊತ್ತಿಗೆ ತಿರುವಿ ಹಾಕಿದರೆ ರೊಟ್ಟಿ, ನಾಲ್ಕು ಜನರೆದುರು ಹೊಗಳಿಸಿಕೊಂಡವರ ಹಾಗೆ ಉಬ್ಬುತ್ತದೆ. ಅರಿವೆಗೆ ಇಷ್ಟೇ ಕೆಲಸ. ಅದನ್ನು ಯಾರೂ ಹೊಗಳಿದ್ದಿಲ್ಲ, ಅದರ ಬಗ್ಗೆ ಕೇಳಿದ್ದೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಒಲೆಯ ಬದಿಯ ಅರಿವೆ ಪಾಠವಲ್ಲ ಎಂದೇ ನಾನೂ ಇದ್ದೆ.

ನಾನು ಹುನಗುಂದದ ಕಡೆಯ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ದಿನಾ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಇಳಕಲ್ಲಿನಿಂದ ಬಸ್ಸು ಹಿಡಿಯುತ್ತೇನೆ, ಹೆಗಲಿಗೊಂದು ಚೀಲ. ಆ ಚೀಲವನ್ನು ನೀವು ನೋಡಿದರೆ ನಗುತ್ತೀರಿ: ಗಾಜಿನ ಲೋಟ, ಮೇಣದಬತ್ತಿ, ಬಲೂನು, ಅಯಸ್ಕಾಂತ, ಮದುವೆಯ ಕರೆಯೋಲೆಯ ದಪ್ಪ ಕಾಗದ, ಅರಿಶಿನದ ಪುಡಿ, ಬಟ್ಟೆ ಸಾಬೂನಿನ ಚೂರು. ಬಸ್ಸಿನ ಕಂಡಕ್ಟರು ಒಮ್ಮೆ ನನ್ನನ್ನು ಜಾತ್ರೆಗೆ ಹೊರಟ ಗಾರುಡಿಗರ ಪೈಕಿ ಎಂದು ತಿಳಿದಿದ್ದನಂತೆ. ನನಗೆ ಅದು ಬೈಗುಳವೆನಿಸಲಿಲ್ಲ. ಗಾರುಡಿಗನೂ ನಾನೂ ಒಂದೇ ಕೂಳು ತಿನ್ನುವವರು, ನೋಡುವವರ ಬಾಯಿಂದ ಹೊರಡುವ ಆ ಒಂದು ‘ಅಯ್ಯ!’ ಎಂಬುದರ ಮೇಲೆ ಬದುಕುವವರು. ವ್ಯತ್ಯಾಸವಿಷ್ಟೇ, ಅವನು ಗುಟ್ಟು ಬಿಡುವುದಿಲ್ಲ, ನಾನು ಬಿಡುತ್ತೇನೆ.

ಈಚೆಗೆ ಚೀಲದೊಳಗೆ ಇನ್ನೊಂದು ಸಾಮಾನು ಸೇರಿತು, ಮಾತಾಡುವ ಫೋನು. ಕೃತಕ ಬುದ್ಧಿಮತ್ತೆ ಎಂಬುದು ಅದಕ್ಕೆ ಪುಸ್ತಕದವರಿಟ್ಟ ಭಾರದ ಹೆಸರು. ಮಕ್ಕಳ ಬಾಯಲ್ಲಿ ಅದು ಬರೀ ಎಐ. ನಾನು ಅದಕ್ಕೆ ಹೆದರಿದವಳಲ್ಲ. ಜಲಚಕ್ರದ ಪಾಠದ ದಿನ, ‘ನೀನು ಮಲಪ್ರಭೆಯ ಒಂದು ಹನಿ ನೀರು, ಈ ಮಕ್ಕಳು ಕೇಳುವುದಕ್ಕೆಲ್ಲ ಹನಿಯಾಗಿಯೇ ಉತ್ತರ ಹೇಳು’ ಎಂದು ಅದನ್ನು ಒಪ್ಪಿಸಿದೆ. ಮಕ್ಕಳು ಸರದಿಗೆ ನಿಂತು ಹನಿಯನ್ನು ಮಾತಾಡಿಸಿದರು. ಮುಂದಿನ ಬೆಂಚಿನ ರೇಣುಕಾ, ‘ಮ್ಯಾಲೆ ಮೋಡದಾಗ ಹೋದಾಗ ನಿನಗ ಥಂಡಿ ಆಗೂದಿಲ್ಲೇನವಾ?’ ಎಂದು ವಿಚಾರಿಸಿಕೊಂಡಳು. ಹನಿ ಬಹಳ ಶುದ್ಧವಾದ ಕನ್ನಡದಲ್ಲಿ, ಥಂಡಿ ಆಗುವುದರಿಂದಲೇ ತಾನು ಮತ್ತೆ ಹನಿಯಾಗುವುದು ಎಂದಿತು. ಬದಾಮಿಯ ಬಂಡೆಗಳ ಮೇಲಿಂದ ತಾನು ಅಗಸ್ತ್ಯ ತೀರ್ಥಕ್ಕೆ ಜಿಗಿದ ಕಥೆಯನ್ನೂ ಹೇಳಿತು. ಅಂದು ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ, ನಾನು ಬೀಗುತ್ತ ಮನೆಗೆ ಬಂದೆ.

ರೇಣುಕಾಳ ಬಗ್ಗೆ ಒಂದು ಮಾತು ಹೇಳಬೇಕು. ಒಂಬತ್ತನೆಯ ತರಗತಿಯಲ್ಲಿ ಪ್ರಶ್ನೆಗಳ ಗುತ್ತಿಗೆ ಹಿಡಿದವಳು ಅವಳು. ಅವಳ ಕೈ ಕೆಳಗಿಳಿದದ್ದನ್ನು ನಾನು ಕಂಡದ್ದೇ ಕಡಿಮೆ. ಪಾಠ ಮುಗಿಸಲು ಬಿಡದ ಅವಳ ‘ಯಾಕ್ರಿ?’ಗಳ ಮೇಲೆ ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಅಣ್ಣನ ಫೋನಿನಲ್ಲಿ ಎಐ ಸಿಕ್ಕ ಮೇಲೆ ಆ ಕೈ ಮೆಲ್ಲಗೆ ಇಳಿಯಿತು. ನಾನು ಮೊದಲು ಅದನ್ನು ಗಮನಿಸಲಿಲ್ಲ, ಪಾಠ ಹೊತ್ತಿಗೆ ಸರಿಯಾಗಿ ಮುಗಿಯುತ್ತಿದೆಯೆಂದು ಖುಷಿಯಲ್ಲೇ ಇದ್ದೆ.

ಗಮನಿಸಿದ್ದು ಗಾಳಿಯ ಒತ್ತಡದ ದಿನ. ಲೋಟದ ತುಂಬ ನೀರು, ಬಾಯಿಗೆ ಕರೆಯೋಲೆಯ ಕಾಗದ, ಲೋಟವನ್ನು ಬೋರಲು ಮಾಡಿ ಕಾಗದಕ್ಕೆ ಆನಿಸಿದ ಕೈ ತೆಗೆಯುವುದು: ಇದು ನನ್ನ ಚೀಲದ ಪಟ್ಟದರಸಿ. ಯಾರದಾದರೂ ತಲೆಯ ಮೇಲೆಯೇ ಹಿಡಿಯುತ್ತೇನೆ, ಕೆಳಗಿನವರು ಕಣ್ಣು ಮುಚ್ಚಿ ಕಿರುಚುತ್ತಾರೆ, ನೀರು ಬೀಳದೆ ನಿಂತಾಗ ಇಡೀ ತರಗತಿ ‘ಅಯ್ಯ!’ ಎನ್ನುತ್ತದೆ. ಅಂದು ರೇಣುಕಾಳ ತಲೆಯ ಮೇಲೆ ಹಿಡಿದೆ. ಅವಳು ಕಣ್ಣು ಮುಚ್ಚಲೇ ಇಲ್ಲ.

‘ಬೀಳೂದಿಲ್ರಿ ಟೀಚರ. ನಿನ್ನೆ ಫೋನಿಗೆ ಕೇಳೇನಿ, ಎಲ್ಲಾ ಹೇಳೈತಿ. ಗೊತ್ತಿದ್ದದ್ದನ್ನ ಮತ್ತ್ಯಾಕ ಮಾಡೂದ್ರಿ?’

ನೀರು ಬೀಳಲಿಲ್ಲ. ‘ಅಯ್ಯ!’ ಎಂಬುದೂ ಹೊರಡಲಿಲ್ಲ. ಬೋರಲಾದ ಲೋಟವನ್ನು ಹಿಡಿದು ನಿಂತ ನನಗೆ, ಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವಳು ಉದ್ಧಟತನದಿಂದ ಕೇಳಿರಲಿಲ್ಲ, ಅದೇ ನನ್ನನ್ನು ಕೊರೆದದ್ದು. ನಿಜಕ್ಕೂ, ಗೊತ್ತಿರುವುದನ್ನು ಯಾಕೆ ಮಾಡಬೇಕು? ನನ್ನ ಇಷ್ಟು ವರ್ಷದ ನೌಕರಿ ನಿಂತಿದ್ದದ್ದು ಮಕ್ಕಳಿಗೆ ಗೊತ್ತಿಲ್ಲ ಎಂಬುದರ ಮೇಲೆಯೇ ಆಗಿದ್ದರೆ, ಈಗ ಗೊತ್ತಿಲ್ಲದಿರುವುದೇ ಇಲ್ಲವಾದ ಮೇಲೆ ಚೀಲ ಹೊತ್ತು ನಾನು ಹೋಗುವುದಾದರೂ ಎಲ್ಲಿಗೆ? ಉತ್ತರ ಸೋವಿಯಾದಂತೆಲ್ಲ ಪ್ರಶ್ನೆಗೆ ಬರ ಬರುತ್ತದೆಯೇ? ಇಂಥ ದೊಡ್ಡ ದೊಡ್ಡ ಯೋಚನೆಗಳ ಸಣ್ಣ ಫಲವೆಂದರೆ, ಚೀಲ ಗೋಡೆಯ ಮೊಳೆಗೆ ಹೋಯಿತು. ಖಾಲಿ ಹೆಗಲಿನಲ್ಲಿ ಹೊರಟ ನನ್ನನ್ನು ಅತ್ತೆ ನೋಡಿದರು. ‘ಯಾಕವಾ, ನಿನ್ನ ಗಾರುಡಿ ಗಂಟು ಬಿಟ್ಟು ಹೊಂಟಿ?’ ಎಂದರು. ಬಸ್ಸಿಗೆ ಹೊತ್ತಾಯಿತೆಂದೆ. ಮನಸ್ಸಿಗೆ ಬಹಳ ಬೇಸರವಾಗಿತ್ತು.

ಹಾಗೆ ಬರಿಗೈಯಲ್ಲಿ ಹೋಗುತ್ತಿದ್ದ ದಿನಗಳಲ್ಲೇ ಆವಿಯ ಪಾಠ ಬಂತು. ತೋರಿಸಲು ಏನೂ ತಂದಿರಲಿಲ್ಲವಾದ್ದರಿಂದ ರೊಟ್ಟಿ ಏಕೆ ಉಬ್ಬುತ್ತದೆ ಎಂದು, ಚೀಲ ಬಿಟ್ಟರೂ ಜೊತೆಗಿದ್ದ ಫೋನನ್ನೇ ಕೇಳಿದೆ. ಒಳಗಿನ ನೀರು ಆವಿಯಾಗಿ ಪದರವನ್ನು ಎತ್ತುತ್ತದೆ ಎಂದು ಸರಿಯಾಗಿಯೇ ಹೇಳಿತು. ಆಗ ಯಾವಳೋ ಒಬ್ಬಳು, ಹಾಗಾದರೆ ರೊಟ್ಟಿಯ ಮೇಲೆ ನೀರು ಹಚ್ಚುವುದು ಯಾಕೆಂದು ಕೇಳಿದಳು. ಅದಕ್ಕೆ ಫೋನು, ಮೇಲೆ ನೀರು ಸವರುವ ಅಗತ್ಯವಿಲ್ಲವೆಂದೂ, ಸವರಿದರೆ ರೊಟ್ಟಿ ಮೆತ್ತಗಾಗಿ ಹಂಚಿಗೆ ಅಂಟಬಹುದೆಂದೂ ಗಂಭೀರವಾಗಿ ಬುದ್ಧಿ ಹೇಳಿತು. ಚಪಾತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತೋ ಏನೋ. ತರಗತಿ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ರೇಣುಕಾ.

‘ಅದಕ್ಕೇನ್ ಗೊತ್ತೈತ್ರಿ ರೊಟ್ಟಿ ಸುದ್ದಿ! ನೀರು ಹಚ್ಚಲಿಲ್ಲಂದ್ರ ಉಬ್ಬೂದ ಇಲ್ಲ.’

‘ಹಚ್ಚಲಾರದ ಮಾಡಿ ನೋಡೀ ಏನು?’ ಎಂದೆ.

‘ಇಲ್ರಿ... ಅವ್ವ ಹೇಳ್ಯಾಳ್ರಿ.’

‘ಅವ್ವ ನೋಡ್ಯಾಳಂತೇನು?’

‘ಅಕಿಗೆ ಆಯಿ ಹೇಳಿರಬೇಕ್ರಿ.’ ಆಮೇಲೆ ಸಣ್ಣ ದನಿಯಲ್ಲಿ, ‘ಟೀಚರ, ನೀವು ನೋಡೀರೇನ್ರಿ?’

ಗೆಳೆಯರೇ, ನಾನೂ ನೋಡಿರಲಿಲ್ಲ. ಬುದ್ಧಿ ಬಂದಾಗಿನಿಂದ ರೊಟ್ಟಿ ಬಡಿದವಳು, ವಿಜ್ಞಾನ ಓದಿ ಕಲಿಸುವವಳು, ಒಂದೇ ಒಂದು ರೊಟ್ಟಿಯನ್ನೂ ನೀರು ಸವರದೆ ಬಿಟ್ಟಿರಲಿಲ್ಲ. ಬಿಡುವವರಾದರೂ ಯಾರು? ಹಿಟ್ಟು ಹಸಿವೆಗೆ, ಪರೀಕ್ಷೆಗಲ್ಲ. ಫೋನು ಯಾರೋ ಬರೆದದ್ದನ್ನು ಕೇಳಿ ಬೇಡ ಎನ್ನುತ್ತಿತ್ತು, ನಾವು ಯಾರೋ ಹೇಳಿದ್ದನ್ನು ಕೇಳಿ ಬೇಕು ಎನ್ನುತ್ತಿದ್ದೆವು. ಹಂಚನ್ನು ಕೇಳಿದವರು ಯಾರೂ ಇರಲಿಲ್ಲ. ನನಗೆ ಒಳಗೊಳಗೇ ಎಂಥದೋ ಸಂತೋಷವಾಯಿತು.

ಶನಿವಾರ ಬಿಸಿಯೂಟದ ಒಲೆ ಆರುವ ಮುಂಚೆ ಕೇಳಿ ಇಸಿದುಕೊಂಡೆವು. ಕುದಿಯುವ ಎಸರಿಗೆ ಹಿಟ್ಟು ಹಾಕಿ ನಾದಿದವಳು, ಬಡಿದವಳು ರೇಣುಕಾ. ಹುಡುಗರು ಪಂಚರಂತೆ ಸುತ್ತ ಕುಳಿತು ನ್ಯಾಯ ಗೊತ್ತುಮಾಡಿದರು: ಹಿಟ್ಟು ಒಂದೇ ಇರಬೇಕು, ಹಂಚು ಒಂದೇ ಇರಬೇಕು, ಉರಿ ಹೆಚ್ಚು ಕಡಿಮೆ ಆಗಬಾರದು, ಬೇರೆಯಾಗಬೇಕಾದದ್ದು ನೀರೊಂದೇ. ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆಸಿದರೂ ತಲೆಗೆ ಹತ್ತದ ಮಾತು ಅಂದು ತಾನಾಗಿ ಅವರ ಬಾಯಿಂದ ಬಂತು. ನೀರು ಸವರಿದ್ದು ಎಂದಿನಂತೆ ಉಬ್ಬಿತು. ಸವರದೆ ಬಿಟ್ಟದ್ದು ಹಂಚಿನ ಮೇಲೆ ಮುಖ ಬೆಳ್ಳಗೆ ಮಾಡಿಕೊಂಡು ಬಿದ್ದಿತ್ತು; ನಮ್ಮ ಎರೆಹೊಲ ಬೇಸಿಗೆಯಲ್ಲಿ ಬಿಡುವಂಥ ಬಿರುಕು ಬಿಟ್ಟಿತು. ‘ನಾ ಹೇಳಿರಲಿಲ್ಲೇನ್ರಿ?’ ಎಂದು ರೇಣುಕಾ ಗೆದ್ದ ದನಿ ತೆಗೆಯುವಷ್ಟರಲ್ಲಿ, ತಿರುವಿ ಹಾಕಿದ ಆ ರೊಟ್ಟಿಯ ಒಂದು ಮಗ್ಗುಲು ಫಕ್ಕನೆ ಎದ್ದಿತು, ಮತ್ತೆ ಬಿರುಕಿನಿಂದ ಸುಯ್ಯೆಂದು ಆವಿ ಬಿಟ್ಟು ಕುಸಿಯಿತು.

‘ಅಯ್ಯ!’

ಎಂದದ್ದು ರೇಣುಕಾ. ಆಮೇಲೆ ಎಲ್ಲರೂ. ನನ್ನ ದನಿಯೂ ಅದರಲ್ಲಿತ್ತು. ಉಬ್ಬಿತೋ ಉಬ್ಬಲಿಲ್ಲವೋ, ಫೋನು ಗೆದ್ದಿತೋ ಅವ್ವ ಗೆದ್ದಳೋ ಎಂದು ಜಗಳವೇ ಹತ್ತಿತು. ಆ ಜಗಳದ ನಡುವೆ ಅವಳ ಕೈ ಮೇಲೆದ್ದಿತು, ಹಿಟ್ಟು ಮೆತ್ತಿದ ಕೈ.

‘ಟೀಚರ, ನೀರಿಲ್ಲಂತ ಉಬ್ಬಲಿಲ್ಲೋ, ಬಿರುಕು ಬಿಟ್ಟಿದ್ದಕ್ಕ ಉಬ್ಬಲಿಲ್ಲೋ? ನೀರು ಹಚ್ಚಲಾರದ, ಬಿರುಕೂ ಬಿಡಲಾರದಂಗ ಬಡದ್ರ ಏನಾಕ್ಕೈತ್ರಿ? ಇನ್ನೊಂದು ಮಾಡೂಣ್ರಿ!’

ಆ ಕೈಯನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಹೊಗೆಯ ನೆಪ ಇದ್ದದ್ದು ಒಳ್ಳೆಯದಾಯಿತು. ಹಿಟ್ಟು ಮುಗಿಯುವವರೆಗೂ ಮಾಡಿದೆವು, ಮಾಡಿದ ಪ್ರಯೋಗವನ್ನೆಲ್ಲ ಶೇಂಗಾ ಚಟ್ನಿ ಹಚ್ಚಿ ತಿಂದೆವು. ಕಂಡದ್ದನ್ನು ಫೋನಿಗೂ ಹೇಳಿದೆವು. ಅದು ಕೂಡಲೇ ಕ್ಷಮೆ ಕೇಳಿ, ನೀವು ಹೇಳಿದ್ದೇ ಸರಿ ಎಂದು ಒಪ್ಪಿ, ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ, ಬಿಸಿನೀರಿನಿಂದ ಬಂದ ಅಂಟೇ ಅದಕ್ಕೆ ಆಧಾರ, ಮೇಲಿನ ನೀರು ಪದರ ಒಣಗಿ ಸೀಳದಂತೆ ತಡೆಯುತ್ತಿರಬೇಕು ಎಂದು ಚೆಂದವಾಗಿ ವಿವರಿಸಿತು. ರೇಣುಕಾ ಹುಬ್ಬು ಗಂಟಿಕ್ಕಿದಳು. ‘ನಾವು ಸುಳ್ಳು ಹೇಳಿದ್ರೂ ಹಿಂಗ ಹೌದೌದು ಅಂತಿತ್ತೇನ್ರಿ ಇದು?’

ಅಂದಿನಿಂದ ನಮ್ಮ ತರಗತಿಗೆ ಒಂದು ಹೊಸ ರೂಢಿ ಬಂದಿದೆ. ಏನು ಮಾಡುವುದಿದ್ದರೂ ಮೊದಲು ಫೋನು ತನ್ನ ಮಾತು ಹೇಳಬೇಕು, ಆಮೇಲೆ ನಾವು ನಮ್ಮದು, ಕಟ್ಟಕಡೆಗೆ ವಸ್ತು ತನ್ನದು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಅಂದದ್ದು ಕಂಡವರಿಗೆ; ಕಾಣದವರಿಗೆ ಅದಕ್ಕಿಂತ ದೊಡ್ಡ ಕೆಲಸವಿದೆ, ಮೊದಲು ಕಾಣಬೇಕು. ಫೋನು ಬಹಳ ಸಲ ಸರಿಯೇ ಹೇಳುತ್ತದೆ. ಆದರೆ ಈಗ ಲೋಟ ಬೋರಲಾದಾಗ ಮಕ್ಕಳು ಕಣ್ಣು ಮುಚ್ಚುವುದಿಲ್ಲ, ಅರಳಿಸಿಕೊಂಡು ಕೂರುತ್ತಾರೆ. ಗೊತ್ತಿರುವುದು ಬೇರೆ, ಕಂಡಿರುವುದು ಬೇರೆ ಎಂಬುದನ್ನು ನಾನು ಕಲಿಸಲಿಲ್ಲ, ಅರ್ಧ ಉಬ್ಬಿದ ಒಂದು ರೊಟ್ಟಿ ಕಲಿಸಿತು.

ಆ ಶನಿವಾರ ಸಂಜೆ ಅತ್ತೆಗೆ ರೊಟ್ಟಿಯ ಕಥೆಯನ್ನೆಲ್ಲ ಹೇಳಿದೆ. ಅವರು ಕೌದಿ ಹೊಲಿಯುವ ಸೂಜಿಯನ್ನೂ ನಿಲ್ಲಿಸಲಿಲ್ಲ. ‘ಅನ್ನದ ಮ್ಯಾಲೆ ಆಟ ಆಡ್ತಾರೇನ? ನೀರು ಹಚ್ಚಬೇಕು ಅಂದ್ರ ಹಚ್ಚಬೇಕು. ಸಾಲಿ ಕಲತವರಿಗೆ ಮಾಡಾಕ ಬ್ಯಾರೆ ಉದ್ಯೋಗಿಲ್ಲ’ ಎಂದರು. ನಾನು ಮೊಳೆಯಿಂದ ಚೀಲವನ್ನು ತೆಗೆದು, ದೂಳು ಜಾಡಿಸಿ, ಬಾಗಿಲ ಬಳಿ ಇಟ್ಟುಕೊಂಡು ಮಲಗಿದೆ.

ಮರುವಾರ ಒಂದು ಮುಂಜಾನೆ ನನಗಿಂತ ಮೊದಲೇ ರೊಟ್ಟಿಯ ಸಪ್ಪಳ ಕೇಳಿಸಿತು. ಮಂಡಿನೋವಿಗೆ ಒಲೆಯ ಮುಂದೆ ಕೂರುವುದನ್ನು ಬಿಟ್ಟಿದ್ದ ಅತ್ತೆ ಕುಳಿತಿದ್ದರು. ಹಂಚಿನ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಬಿಳಿ ಹಿಟ್ಟು ಹಾಗೇ ಇದೆ. ಮರೆತಿರಬೇಕೆಂದು ನನ್ನ ಕೈ ತಾನಾಗಿ ಬಟ್ಟಲಿಗೆ ಹೋಗಿ ಅರಿವೆಯನ್ನು ಎತ್ತಿತು. ನೀರು ತೊಟ್ಟಿಕ್ಕುತ್ತಿದ್ದ ಆ ಕೈಯನ್ನು ಅವರು ಮಣಿಕಟ್ಟಿನಲ್ಲಿ ಹಿಡಿದು ನಿಲ್ಲಿಸಿದರು. ಹಂಚಿನಿಂದ ಕಣ್ಣು ಕೀಳಲಿಲ್ಲ.

‘ಕೈ ತಗಿ’ ಎಂದರು. ‘ಏನಾಕ್ಕೈತಿ ನೋಡೂಣು.’